ಈಮ್ಯಾಕ್ಸ್‌ನಲ್ಲಿ ಟೈಪ್ ಮಾಡುತ್ತಿರುವಾಗಲೇ ಹಿಂದೆ ಬೇರೆ ಕೆಲಸ ಓಡಿಸುವುದು ಹೇಗೆ

ಉಡುಪಿ ಕಡೆ ಮಳೆಗಾಲ ಮುಗಿಯಿತೆಂದರೆ ಸ್ಮರಣ ಸಂಚಿಕೆಗಳ ಕೆಲಸ ಶುರು. ಬ್ರಹ್ಮಕಲಶೋತ್ಸವ, ಶಾಲೆಯ ಅಮೃತ ಮಹೋತ್ಸವ, ಯಕ್ಷಗಾನ ಸಂಘದ ವಾರ್ಷಿಕೋತ್ಸವ, ಎಲ್ಲದಕ್ಕೂ ಒಂದು ಪುಸ್ತಕ ಬೇಕು. ನಾನು ಇವನ್ನು ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಟೈಪ್ ಮಾಡಿ, ಪುಟ ಜೋಡಿಸುವ ಟೆಕ್ ಸಾಫ್ಟ್‌ವೇರಿನ ಒಂದು ರೂಪವಾದ ಝೀಲೇಟೆಕ್‌ನಲ್ಲಿ ಪಿಡಿಎಫ್ ಮಾಡುತ್ತೇನೆ. 2020ರಲ್ಲಿ ಬಂದ ಈಮ್ಯಾಕ್ಸ್ 27ಕ್ಕೆ ಅಕ್ಷರ ಜೋಡಿಸಿ ತೋರಿಸುವ ಹಾರ್ಫ್‌ಬಝ್ ಸೇರಿದ ಮೇಲೆ ಕನ್ನಡದ ಒತ್ತಕ್ಷರಗಳ ತಲೆನೋವೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಫೋಟೋ, ಜಾಹೀರಾತು ತುಂಬಿದ ಪುಸ್ತಕ ಪಿಡಿಎಫ್ ಆಗಲು ಹೊತ್ತು ಬೇಕು, ಅಷ್ಟು ಹೊತ್ತು ಎಡಿಟರ್ ಕಟ್ಟಿಹಾಕಿದ ಹಾಗೆ ನಿಂತರೆ ಅರ್ಧಕ್ಕೆ ಬಿಟ್ಟ ವಾಕ್ಯ ಮರೆತೇಹೋಗುತ್ತದೆ. ನನ್ನ ಪ್ರಕಾರ ನಿಯಮ ಒಂದೇ: ಕೆಲಸ ನಡೆಯುತ್ತಿರುವುದು ನಮಗೆ ಗೊತ್ತಾಗಬಾರದು, ಕೆಟ್ಟರೆ ಮಾತ್ರ ಗೊತ್ತಾಗಬೇಕು.

ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ. ಮೊದಲ ನಾಲ್ಕೈದು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಈಮ್ಯಾಕ್ಸೇ ತುಂಬಿಸುತ್ತದೆ.

ಶುರುವಿನಲ್ಲಿ ಎಲ್ಲರೂ ಬಳಸುವುದು ಆಲ್ಟ್ ಹಿಡಿದು ಆಶ್ಚರ್ಯಸೂಚಕ ಒತ್ತುವ ದಾರಿ. ಇದು ಶೆಲ್ ಆಜ್ಞೆ (ಟರ್ಮಿನಲ್‌ನಲ್ಲಿ ಕೊಡುವಂಥ ಆಜ್ಞೆ) ಓಡಿಸುತ್ತದೆ ನಿಜ, ಆದರೆ ಮುಗಿಯುವ ತನಕ ಈಮ್ಯಾಕ್ಸ್ ಅಲ್ಲಾಡುವುದಿಲ್ಲ. ಸಿಕ್ಕಿಬಿದ್ದರೆ ಕಂಟ್ರೋಲ್-ಜಿ ಒತ್ತಿ, ಆ ಆಜ್ಞೆ ಸತ್ತು ಎಡಿಟರ್ ಕೈಗೆ ಬರುತ್ತದೆ. ಅದರ ಬದಲು ಆಲ್ಟ್ ಜೊತೆ & ಒತ್ತಿ. ಆಗ ಆಜ್ಞೆ ಹಿಂದೆ ಓಡುತ್ತದೆ, ನೀವು ಟೈಪ್ ಮಾಡುತ್ತಾ ಇರಬಹುದು. ಒಂದು ಕಿರಿಕಿರಿ ಉಂಟು: ಔಟ್‌ಪುಟ್ ಕಿಟಕಿ ತಟ್ಟನೆ ತೆರೆದುಕೊಂಡು ಅರ್ಧ ಪರದೆ ತಿನ್ನುತ್ತದೆ. ಅಸಿಂಕ್-ಶೆಲ್-ಕಮಾಂಡ್-ಡಿಸ್‌ಪ್ಲೇ-ಬಫರ್ ಎಂಬ ವೇರಿಯೇಬಲ್ಲನ್ನು (ಈಮ್ಯಾಕ್ಸ್‌ನ ಒಂದು ಸೆಟ್ಟಿಂಗ್) ನಿಲ್, ಅಂದರೆ ಇಲ್ಲ, ಮಾಡಿಬಿಡಿ. ಆಮೇಲೆ ಔಟ್‌ಪುಟ್ ಏನಾದರೂ ಬಂದರೆ ಮಾತ್ರ ಕಿಟಕಿ ಬರುತ್ತದೆ, ಸದ್ದಿಲ್ಲದೆ ಮುಗಿಯುವ ಕೆಲಸ ಸದ್ದಿಲ್ಲದೇ ಮುಗಿಯುತ್ತದೆ.

ಪಿಡಿಎಫ್ ಮಾಡಲು ಮಾತ್ರ ಇದು ಬೇಡ. ಅದಕ್ಕೆ ಆಲ್ಟ್-ಎಕ್ಸ್ ಒತ್ತಿ ಕಂಪೈಲ್ ಅನ್ನಿ. ಸಿ ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಇದು ಎಂದು ಜಾಸ್ತಿ ಜನ ತಿಳಿದುಕೊಂಡಿದ್ದಾರೆ, ಹಾಗೇನಿಲ್ಲ. ಯಾವ ಆಜ್ಞೆಯನ್ನೂ ಕೊಡಬಹುದು, ಅದು ಹಿಂದೆಯೇ ಓಡುತ್ತದೆ, ಮತ್ತು ತಪ್ಪು ಬಂದರೆ ಫೈಲ್ ಹೆಸರು, ಸಾಲಿನ ಸಂಖ್ಯೆ ಹಿಡಿದು ನಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತದೆ. ನನ್ನ ಆಜ್ಞೆ ಲೇಟೆಕ್‌ಎಂಕೆ (ಬೇಕಾದಷ್ಟು ಸಲ ಟೆಕ್ ಓಡಿಸಿ ಪಿಡಿಎಫ್ ಮಾಡಿಕೊಡುವ ಪ್ರೋಗ್ರಾಂ), ಅದಕ್ಕೆ ಝೀಲೇಟೆಕ್ ಆಯ್ಕೆ, ಜೊತೆಗೆ ಇನ್ನೆರಡು. ಆ ಎರಡನ್ನು ಯಾವತ್ತೂ ಬಿಡಬೇಡಿ.

ಒಂದು, ಇಂಟರಾಕ್ಷನ್ ಎಂಬುದಕ್ಕೆ ನಾನ್‌ಸ್ಟಾಪ್‌ಮೋಡ್. ಟೆಕ್‌ಗೆ ತಪ್ಪು ಸಿಕ್ಕಿದ ಕೂಡಲೇ ಪ್ರಶ್ನಾರ್ಥಕ ಚಿಹ್ನೆ ಹಾಕಿ ನಮ್ಮ ಉತ್ತರಕ್ಕೆ ಕಾಯುವ ಅಭ್ಯಾಸ. ಟರ್ಮಿನಲ್‌ನಲ್ಲಿ ಎದುರೇ ಕೂತಿದ್ದರೆ ಅದು ಸರಿ. ಹಿಂದೆ ಓಡುವಾಗ ಆ ಪ್ರಶ್ನೆಯನ್ನು ನೋಡುವವರೇ ಇಲ್ಲ ಅಲ್ವಾ? ಹಿಂದೆ ಕಳಿಸುವ ಯಾವ ಕೆಲಸವೂ ನಡುವೆ ನಮ್ಮನ್ನು ಪ್ರಶ್ನೆ ಕೇಳುವ ಹಾಗಿರಬಾರದು. ಇನ್ನೊಂದು, ಫೈಲ್-ಲೈನ್-ಎರರ್ ಆಯ್ಕೆ. ಇದನ್ನು ಹಾಕಿದರೆ ತಪ್ಪಿನ ಸಾಲು "ಫೈಲ್, ಕೋಲನ್, ಸಾಲಿನ ಸಂಖ್ಯೆ" ಎಂಬ ರೂಪದಲ್ಲಿ ಬರುತ್ತದೆ, ಈಮ್ಯಾಕ್ಸ್‌ಗೆ ಅರ್ಥವಾಗುವುದು ಅದೇ. ಟೆಕ್ ತನ್ನ ಲಾಗ್ ಸಾಲುಗಳನ್ನು 79 ಅಕ್ಷರಕ್ಕೆ ಮುರಿಯುತ್ತದೆ, ಹಾಗಾಗಿ ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಉದ್ದುದ್ದ ಹೆಸರಿಟ್ಟರೆ ಆ ಕೊಂಡಿ ತಪ್ಪಿಹೋಗುತ್ತದೆ. ಅಧ್ಯಾಯಗಳ ಫೈಲ್‌ಗೆ ಚಿಕ್ಕ ಹೆಸರಿಡಿ.

ಈಗ ಒಂದು ತಪ್ಪು ಹೇಗೆ ಸಿಗುತ್ತದೆ ನೋಡಿ. ನೀವು ಸಂಪಾದಕೀಯ ತಿದ್ದುತ್ತಾ ಇದ್ದೀರಿ, ಹಿಂದೆ ಪುಸ್ತಕ ಕಟ್ಟುತ್ತಾ ಉಂಟು. ಜಾಹೀರಾತಿನ ಪುಟದಲ್ಲಿ ಯಾರೋ ಅಂಗಡಿ ಹೆಸರಿನ ನಡುವೆ & ಚಿಹ್ನೆಯನ್ನು ಹಾಗೆಯೇ ಹಾಕಿದ್ದಾರೆ, ಅದು ಟೆಕ್‌ಗೆ ಆಗುವುದಿಲ್ಲ, ಮುಂದೆ ಬ್ಯಾಕ್‌ಸ್ಲ್ಯಾಷ್ ಬೇಕು. ನೀವು ಸಂಪಾದಕೀಯದ ಪ್ಯಾರಾ ಮುಗಿಸಿ, ಆಲ್ಟ್-ಜಿ ಒತ್ತಿ ನಂತರ ಎನ್ ಒತ್ತಿದರೆ ನೇರ ಜಾಹೀರಾತು ಫೈಲಿನ ಆ ಸಾಲಿನಲ್ಲಿರುತ್ತೀರಿ. ತಿದ್ದಿ, ಆಲ್ಟ್-ಎಕ್ಸ್ ರೀಕಂಪೈಲ್. ಈ ರೀಕಂಪೈಲನ್ನು ಎಫ್5 ಕೀಗೆ ಕಟ್ಟಿಡಿ. "ಮಾರಾಯ್ರೆ, ಇನ್ನೊಂದು ಜಾಹೀರಾತು ಬಂದಿದೆ, ಹಾಕ್ಲಿಕ್ಕೆ ಆಗ್ತದಾ?" ಅಂತ ಸಮಿತಿಯವರ ಫೋನ್ ಕೊನೆಯ ರಾತ್ರಿಯವರೆಗೂ ಬರುತ್ತಲೇ ಇರುತ್ತದೆ, ಆಗ ಒಂದೇ ಕೀಲಿ ಎಷ್ಟು ಉಪಕಾರ ಅನ್ನುವುದು ಗೊತ್ತಾಗುತ್ತದೆ.

ಕಂಪೈಲ್ ಶುರುವಾಗುವ ಮೊದಲು "ಈ ಫೈಲ್ ಸೇವ್ ಮಾಡಲಾ" ಎಂದು ಒಂದೊಂದಾಗಿ ಕೇಳುತ್ತದೆ. ಕಂಪೈಲೇಷನ್-ಆಸ್ಕ್-ಅಬೌಟ್-ಸೇವ್ ನಿಲ್ ಮಾಡಿದರೆ ಕೇಳದೆ ಸೇವ್ ಮಾಡುತ್ತದೆ. ಕಿಟಕಿ ಏಳುವುದನ್ನು ನಿಲ್ಲಿಸಲು ಡಿಸ್‌ಪ್ಲೇ-ಬಫರ್-ಅಲಿಸ್ಟ್ ಎಂಬ ಪಟ್ಟಿಗೆ ಕಂಪೈಲೇಷನ್ ಬಫರಿನ (ಕಂಪೈಲ್‌ನ ಔಟ್‌ಪುಟ್ ಬೀಳುವ ಜಾಗ) ಹೆಸರು ಹಾಕಿ, ಅದರ ಎದುರು ಡಿಸ್‌ಪ್ಲೇ-ಬಫರ್-ನೋ-ವಿಂಡೋ ಕೊಡಿ. ಇಷ್ಟು ಮಾಡಿದರೆ ಪರದೆಯಲ್ಲಿ ಉಳಿಯುವುದು ಕೆಳಗಿನ ಪಟ್ಟಿಯಲ್ಲಿ ಕಂಪೈಲಿಂಗ್ ಎಂಬ ಒಂದು ಪದ ಮಾತ್ರ. ಕೆಟ್ಟಾಗ ಕರೆಯಬೇಕಲ್ಲ, ಅದಕ್ಕೆ ಕಂಪೈಲೇಷನ್-ಫಿನಿಶ್-ಫಂಕ್ಷನ್ಸ್ ಉಂಟು. ಇಲ್ಲಿ ನಾವು ಕೊಡುವ ಫಂಕ್ಷನ್ನಿಗೆ ಎರಡು ಸಿಗುತ್ತವೆ, ಬಫರ್ ಮತ್ತು ಹೇಗೆ ಮುಗಿಯಿತೆಂಬ ಸಂದೇಶ. ಸಂದೇಶ ಫಿನಿಶ್ಡ್ ಎಂದು ಶುರುವಾದರೆ ಏನೂ ಮಾಡಬೇಡಿ, ಬೇರೆ ಏನಿದ್ದರೂ ಆ ಬಫರನ್ನು ತೋರಿಸಿ. ಈಮ್ಯಾಕ್ಸ್‌ನ ಭಾಷೆಯಾದ ಲಿಸ್ಪ್‌ನಲ್ಲಿ ನಾಲ್ಕು ಸಾಲು ಅಷ್ಟೇ. ನನ್ನನ್ನು ಕೇಳಿದರೆ ಇಡೀ ಏರ್ಪಾಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಲೇಟೆಕ್‌ಎಂಕೆಗೆ ಪಿವಿಸಿ ಎಂಬ ಆಯ್ಕೆಯೂ ಉಂಟು, ಸೇವ್ ಮಾಡಿದಾಗಲೆಲ್ಲ ತಾನೇ ಪಿಡಿಎಫ್ ಮಾಡುತ್ತದೆ. ಚಿಕ್ಕ ಪುಸ್ತಕಕ್ಕೆ ಚೆನ್ನ. ಆದರೆ ಆ ಪ್ರಕ್ರಿಯೆ ಮುಗಿಯುವುದೇ ಇಲ್ಲವಾದ್ದರಿಂದ ಮೇಲೆ ಹೇಳಿದ ಫಂಕ್ಷನ್ ಎಚ್ಚರಿಸುವುದೂ ಇಲ್ಲ. ನಾನು ಎಫ್5 ಕಡೆಗೇ.

ಫೋಟೋ ಫೋಲ್ಡರ್ ನಕಲು ಮಾಡುವಾಗ ಡೈರೆಡ್‌ನಲ್ಲಿ (ಈಮ್ಯಾಕ್ಸ್‌ನ ಫೈಲ್ ಪಟ್ಟಿ) ದೊಡ್ಡಕ್ಷರದ ಸಿ ಒತ್ತಬೇಡಿ, ಪೆನ್ ಡ್ರೈವ್ ನಿಧಾನವಿದ್ದರೆ ಇಡೀ ಈಮ್ಯಾಕ್ಸ್ ನಿಂತುಬಿಡುತ್ತದೆ. ಫೈಲ್‌ಗಳನ್ನು ಎಂ ಒತ್ತಿ ಗುರುತು ಮಾಡಿ, & ಒತ್ತಿ, ಸಿಪಿ (ನಕಲು ಮಾಡುವ ಆಜ್ಞೆ), ಒಂದು ನಕ್ಷತ್ರ, ಕೊನೆಗೆ ಹೋಗಬೇಕಾದ ಜಾಗ ಬರೆಯಿರಿ. ನಕ್ಷತ್ರದ ಜಾಗಕ್ಕೆ ಗುರುತಾದ ಹೆಸರೆಲ್ಲ ಬರುತ್ತವೆ.

ಮುದ್ರಣಕ್ಕೆ ಪಿಡಿಎಫ್ ಕಳಿಸಲು ಆರ್‌ಸಿಂಕ್ ಎಂಬ ಫೈಲ್ ಕಳಿಸುವ ಆಜ್ಞೆ ಬಳಸುವವರು, ಪಾಸ್‌ವರ್ಡ್ ಇಲ್ಲದೆ ಆ ಕಡೆಯ ಕಂಪ್ಯೂಟರಿಗೆ ಹೋಗಲು ಎಸ್‌ಎಸ್‌ಎಚ್ ಕೀ ಮೊದಲೇ ಮಾಡಿಟ್ಟುಕೊಳ್ಳಿ. ಪಾಸ್‌ವರ್ಡ್ ಬೇಕಾದರೆ ಈಮ್ಯಾಕ್ಸ್ ಅದನ್ನು ಕೆಳಗಿನ ಮಿನಿಬಫರಿನಲ್ಲಿ ಕೇಳುತ್ತದೆ, ನೀವು ಲೇಖನ ಟೈಪ್ ಮಾಡುತ್ತಿದ್ದರೆ ಅರ್ಧ ವಾಕ್ಯ ಹೋಗಿ ಪಾಸ್‌ವರ್ಡ್ ಜಾಗದಲ್ಲಿ ಬೀಳುತ್ತದೆ. ಗುಡುಗು ಬಂದು ನೆಟ್ ಕಟ್ ಆಗುವ ದಿನಗಳಲ್ಲಿ ಪಾರ್ಷಿಯಲ್ ಆಯ್ಕೆಯೂ ಇರಲಿ, ಅರ್ಧ ಹೋದ ಫೈಲ್ ಅಳಿಸಿಹೋಗುವುದಿಲ್ಲ. ಇಂಥ ದೊಡ್ಡ ಅಪ್‌ಲೋಡನ್ನು ಈಮ್ಯಾಕ್ಸ್ ಮುಚ್ಚಿದ ಮೇಲೂ ಮುಂದುವರಿಸಬೇಕಿದ್ದರೆ ಕಿಟಕಿ ಮುಚ್ಚಿದರೂ ಕೆಲಸ ನಿಲ್ಲಿಸದ ಟೀಮಕ್ಸ್ ಒಳಗೆ ಓಡಿಸಿ. ಇಲ್ಲದಿದ್ದರೆ ಹೊರಡುವ ಮೊದಲು ಓಡುತ್ತಿರುವ ಕೆಲಸಗಳ ಪಟ್ಟಿ ಕೊಡುವ ಲಿಸ್ಟ್-ಪ್ರೊಸೆಸಸ್ ನೋಡಿ. "ಕೆಲಸಗಳು ಇನ್ನೂ ಓಡುತ್ತಿವೆ, ಕೊಂದು ಹೊರಡಲಾ?" ಎಂದು ಈಮ್ಯಾಕ್ಸ್ ಕೇಳಿದರೆ, ಆ ಪಟ್ಟಿ ಓದದೆ ಹೌದು ಎನ್ನಬೇಡಿ.