ನೆಲದ ಮೇಲೆ ಕೂತು ಟಿವಿಯಲ್ಲಿ ಮುದ್ದೆ ತಿರುವಿದ್ದು

ಟಿವಿಯಲ್ಲಿ ಮುದ್ದೆ ಮಾಡುತ್ತೇನೆ ಅಂದಾಗ ಮೊದಲು ನಕ್ಕಿದ್ದು ನಮ್ಮ ಬಂಗಾರಪೇಟೆ ಕಡೆಯ ಅಡುಗೆಯವರೇ. "ಕಪ್ಪು ಉಂಡೆ ಯಾರ್ ನೋಡ್ತಾರೆ, ಸುಮ್ನೆ ಪಲಾವ್ ಮಾಡು" ಅಂದರು. ಈಗ ಹತ್ತಿರ ಹತ್ತಿರ 40 ಎಪಿಸೋಡ್ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

1993ರಲ್ಲಿ ಜೀ ಟಿವಿಯಲ್ಲಿ ಸಂಜೀವ್ ಕಪೂರ್ ಅವರ 'ಖಾನಾ ಖಜಾನಾ' ಶುರುವಾದಾಗ ನಾನು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಿಂದಿ ಬರುತ್ತಿರಲಿಲ್ಲ, ಅವರ ಕೈ ಮಾತ್ರ ನೋಡುತ್ತಿದ್ದೆ. ಎಲ್ಲಾ ಬಟ್ಟಲಲ್ಲಿ ಜೋಡಿಸಿಟ್ಟು, ನಿಂತುಕೊಂಡು, ನಗುತ್ತಾ ಮಾಡೋದು. ಅದನ್ನೇ ನಕಲು ಮಾಡಲು ಹೋಗಿ ಕೆಟ್ಟೆ.

ಮೊದಲ ದಿನ ಸ್ಟುಡಿಯೋದಲ್ಲಿದ್ದದ್ದು ಇಂಡಕ್ಷನ್ ಒಲೆ. ನಾನು ಒಯ್ದಿದ್ದು ಅಲ್ಯೂಮಿನಿಯಂ ಪಾತ್ರೆ. ಬಿಸಿಯೇ ಆಗಲಿಲ್ಲ. ಎರಡನೇ ಸಲ 1,800 ರೂಪಾಯಿ ಕೊಟ್ಟು ದಪ್ಪ ತಳದ ಸ್ಟೀಲ್ ಪಾತ್ರೆ ತಂದೆ. ಎಸರು ಕುದಿಯಿತು, ಹಿಟ್ಟು ಬೆಂದಿತು. ಕೋಲು ಹಾಕಿ ತಿರುವಿದರೆ ಗಾಜಿನ ಒಲೆ ಮೇಲೆ ಪಾತ್ರೆಯೇ ಗಿರ್ರನೆ ತಿರುಗಿತು. ಇಕ್ಕಳದಲ್ಲಿ ಹಿಡಿದರೆ ಉಳಿಯೋದು ಒಂದು ಕೈ. ಒಂದು ಕೈಯಲ್ಲಿ ಮುದ್ದೆ ಆಗುತ್ತಾ? ಬರೀ ಗಂಟು. ಎರಡೂ ಪ್ರಸಾರ ಆಗಲಿಲ್ಲ, ಬಸ್ ಚಾರ್ಜೂ ಸಿಗಲಿಲ್ಲ. ಬಿಟ್ಟ ಒಂದು ನಾಮಕರಣದ ಆರ್ಡರ್ ಸೇರಿ 9,000ದಷ್ಟು ಹೋಯಿತು.

ಮಧ್ಯೆ ಒಂದು ತಲೆಹರಟೆ. ನಮ್ಮೂರ ಪಾನಿಪುರಿ ತೋರಿಸೋಣ ಅಂತ ಹೋದೆ. ಬಂಗಾರಪೇಟೆ ಪಾನಿ ಗೊತ್ತಲ್ವಾ, ನೋಡಲು ತಿಳಿನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಕ್ಯಾಮರಾಗೆ ನಾಲಿಗೆ ಎಲ್ಲಿದೆ? ಪುರಿಗೆ ನಲ್ಲಿ ನೀರು ಸುರಿದ ಹಾಗೆ ಕಾಣಿಸಿತು. ಹಸಿರು ಬಣ್ಣ ಹಾಕಿ ಅಂದರು. ಊರಲ್ಲಿ ತಲೆ ಎತ್ತಿ ಓಡಾಡಬೇಕಲ್ಲ, ಒಪ್ಪಲಿಲ್ಲ.

ಮೂರನೇ ಸಲ ಹಳೇ ಪಾತ್ರೆ, ಪುಟ್ಟ ಗ್ಯಾಸ್ ಒಲೆ, ಪಾತ್ರೆ ಅಲುಗದಂತೆ ಹಿಡಿಯೋ ಕವಲು ಕೋಲು, ಅದೇ ಕವೆಗೋಲು, ಹೊತ್ತೊಯ್ದು, ಕ್ಯಾಮರಾ ನೆಲಕ್ಕಿಳಿಸಿ ಅಂದೆ. "ಜನಕ್ಕೆ ನೀಟಾದ ಕಿಚನ್ ಬೇಕು ಸಾರ್" ಅಂತ ಡೈರೆಕ್ಟರ್ ಗೊಣಗಿದರು. ನಾನು ಪಾತ್ರೆ ಇಳಿಸಿ ಕೂತೆ. ಅಮ್ಮ ಮಾಡುತ್ತಿದ್ದ ಹಾಗೆ ಕವೆಗೋಲನ್ನು ಎರಡೂ ಕಾಲಲ್ಲಿ ಅದುಮಿ, ಎರಡೂ ಕೈಯಲ್ಲಿ ತಿರುವಿದೆ. ಹಿಂದೆ ಕರಿ ಬಟ್ಟೆ ಕಟ್ಟಿಸಿ, ಓರೆಯಾಗಿ ಹಿಂದಿನಿಂದ ಒಂದು ಲೈಟ್ ಬಿಡಿಸಿದ್ದೆ. ಬಿಳಿ ಗೋಡೆ ಮುಂದೆ ಕಾಣದ ಹಬೆ ಆವತ್ತು ಸುರುಳಿ ಸುರುಳಿಯಾಗಿ ಎದ್ದಿತು. ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ಬಸ್ಸಾರಿನ ಪಕ್ಕ ಇಟ್ಟಾಗ ಲೈಟ್ ಹುಡುಗ "ನಮಗೂ ಉಳಿಯುತ್ತಾ ಅಣ್ಣ?" ಅಂದ. ಆಗಲೇ ಗೊತ್ತಾಯಿತು.

ಲೈಟಿನ ಬಿಸಿಗೆ ಮುದ್ದೆ ಒಣಗಿ ಬಿರುಕು ಬಿಡುತ್ತದೆ. ಕೆಲವರು ಗ್ಲಿಸರಿನ್ ಸವರುತ್ತಾರೆ. ನಾನು ಸವರೋದು ತಿನ್ನೋ ವಸ್ತುವೇ, ತುಪ್ಪ ಅಲ್ಲ. ಅದನ್ನು ಮಾತ್ರ ಕೇಳಬೇಡಿ.

ಎಪಿಸೋಡಿಗೆ ಮೊದಲು ಏನೂ ಇಲ್ಲ, ಆಮೇಲೆ 1,500, ಈಗ 4,000 ಆಸುಪಾಸು. ಅದರಲ್ಲಿ ಮನೆ ನಡೆಯಲ್ಲ, ನಡೆಸೋದು ಆರ್ಡರ್. ತಿಂಗಳಿಗೆ ಮೂರೋ ನಾಲ್ಕೋ ಇದ್ದದ್ದು ಹತ್ತು ದಾಟಿದೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿಗೆ ಅಂತಲೇ ಬೆಂಗಳೂರಿನಿಂದ ಫೋನ್ ಬರುತ್ತದೆ. ಎಲೆಗೆ 40 ರೂಪಾಯಿ ಜಾಸ್ತಿ ಕೇಳಿದರೂ ಚೌಕಾಸಿ ಇಲ್ಲ.

ಪಲಾವ್ ಮಾಡು ಅಂದಿದ್ದವರಲ್ಲೇ ಒಬ್ಬ ಹೋದ ತಿಂಗಳು ಮಗಳ ಮದುವೆಯ ಬೀಗರೂಟಕ್ಕೆ ಕರೆದ. 300 ಮುದ್ದೆ. ಟಿವಿಯಲ್ಲಿ ಮಾಡಿದ ಹಾಗೆ ಕೂತೇ ತಿರುವಬೇಕಂತೆ, ವಿಡಿಯೋದವನಿಗೆ ಹೇಳಿಬಿಟ್ಟಿದ್ದಾನಂತೆ. ಕೊಪ್ಪರಿಗೆ ಮುದ್ದೆ ಕೂತು ತಿರುವೋಕಾಗುತ್ತಾ? ಹೇಳಿದರೂ ಕೇಳಲಿಲ್ಲ. ವಿಡಿಯೋಗೆ ಅಂತಲೇ ಪುಟ್ಟ ಪಾತ್ರೆಯಲ್ಲಿ ನಾಲ್ಕು ಮುದ್ದೆ ಬೇರೆ ಮಾಡಿಕೊಟ್ಟೆ.