ಒತ್ತಕ್ಷರ ತಪ್ಪಿದರೆ ಹೇಳಬೇಕಾದವರು ನಾವೇ

ಶಿರಸಿಯಲ್ಲಿ ನಮ್ಮ ಡಿಟಿಪಿ ಕೆಲಸವೆಲ್ಲ ಲಿಬ್ರೆ ಆಫೀಸ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲೇ: ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಮದುವೆ ಕಾಗದ. ಬಳಸುವವರು ಏನಾದರೂ ತಿರುಗಿ ಕೊಡಲೇಬೇಕು ಎಂದು ಅದರ ಲೈಸೆನ್ಸ್ ಕೇಳುವುದಿಲ್ಲ. ಕೋಡನ್ನು ತಿದ್ದಿ ಬೇರೆಯವರಿಗೆ ಹಂಚಿದರೆ ಮಾತ್ರ ತಿದ್ದಿದ ಫೈಲುಗಳನ್ನು ತೆರೆದಿಡಬೇಕು, ಅಷ್ಟೆ. ಆದರೂ ಕೊಡಬೇಕು ಎನ್ನುವವನು ನಾನು. ಒತ್ತಕ್ಷರ ಕೆಟ್ಟು ಮೂಡಿದ್ದು ಕನ್ನಡ ಬಾರದ ಡೆವಲಪರ್ ಕಣ್ಣಿಗೆ ಬೀಳುವುದಿಲ್ಲ. ನಾವು ಹೇಳದಿದ್ದರೆ ಅದು ಹಾಗೇ ಉಳಿಯುತ್ತದೆ.

ನಾನು ಕೊಡುವುದು ಬಗ್ ರಿಪೋರ್ಟ್, ಅಂದರೆ ತಂತ್ರಾಂಶದ ದೋಷದ ಬಗ್ಗೆ ದೂರು. ಬರೆಯುವ ಮೊದಲು ತಪ್ಪು ಯಾರದು ಎಂದು ಬೇರ್ಪಡಿಸಿಕೊಳ್ಳುತ್ತೇನೆ. ‘ರ‍್ಯಾಲಿ’ ಪದವನ್ನೇ ನೋಡಿ. ರಕಾರದ ನಂತರ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್, ಆಮೇಲೆ ಹಲಂತ, ಆಮೇಲೆ ಯಕಾರ ಇರಬೇಕು. ಜಾಯ್ನರ್ ಇಲ್ಲದಿದ್ದರೆ ‘ಸೂರ್ಯ’ದಲ್ಲಿರುವ ಹಾಗೆ ಅರ್ಕಾವತ್ತು ಬರುತ್ತದೆ. ಹಳೆಯ ಆಸ್ಕಿ ಸಂಕೇತದ ಫೈಲನ್ನು ಈಗಿನ ಯೂನಿಕೋಡ್ ಸಂಕೇತಕ್ಕೆ ತಿರುಗಿಸುವಾಗ ಆ ಜಾಯ್ನರ್ ಬಿದ್ದುಹೋಗುವುದುಂಟು; ಅದು ಲಿಬ್ರೆ ಆಫೀಸಿನ ತಪ್ಪಲ್ಲ. ಅಕ್ಷರಗಳ ಕ್ರಮ ಸರಿಯಿದ್ದೂ ಕೆಟ್ಟು ಕಂಡರೆ ಫಾಂಟನ್ನು ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸುತ್ತೇನೆ. ಆಗ ಸರಿಯಾದರೆ ದೂರು ಹೋಗಬೇಕಾದ್ದು ಮೊದಲಿನ ಫಾಂಟ್ ಮಾಡಿದವರಿಗೆ. ಆಗಲೂ ಕೆಟ್ಟಿದ್ದರೆ ಅದೇ ಪದವನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸಿನಲ್ಲಿ ನೋಡುತ್ತೇನೆ. ಈ ಎರಡೂ ತಂತ್ರಾಂಶಗಳು ಅಕ್ಷರ ಜೋಡಿಸುವುದು ಅದೇ ಕೆಲಸಕ್ಕಿರುವ ಹಾರ್ಫ್‌ಬಜ್‌ನಿಂದಲೇ. ಹಾಗಾಗಿ ಅಲ್ಲಿ ಸರಿಯಿದ್ದು ಇಲ್ಲಿ ಕೆಟ್ಟಿದ್ದರೆ ಲಿಬ್ರೆ ಆಫೀಸನ್ನೇ ಶಂಕಿಸಬೇಕು. ಪರದೆಯಲ್ಲಿ ಸರಿಯಿದ್ದು ಪಿಡಿಎಫ್‌ನಲ್ಲಿ ಮಾತ್ರ ಕೆಟ್ಟರೆ ಅದನ್ನೂ ಬರೆಯಬೇಕು. ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದರೆ ನಮ್ಮ ಸೆಟ್ಟಿಂಗಿನ ದೋಷವೋ ಎನ್ನುವುದೂ ತಿಳಿಯುತ್ತದೆ.

ಗ್ರಾಹಕರ ಫೈಲನ್ನು ಎಂದೂ ಲಗತ್ತಿಸಬೇಡಿ. ದೂರು ದಾಖಲಿಸುವ ತಾಣವಾದ ಬಗ್‌ಜಿಲ್ಲಾಕ್ಕೆ ಹಾಕಿದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಸೊಸೈಟಿ ವರದಿಯಲ್ಲಿ ಸದಸ್ಯರ ಹೆಸರು, ಸಾಲದ ಬಾಕಿ ಎಲ್ಲ ಇರುತ್ತದೆ. ಹೊಸ ಫೈಲಿನಲ್ಲಿ ಆ ಒಂದು ಪದ ಸಾಕು. ಜೊತೆಗೆ ಕೆಟ್ಟ ರೂಪ, ಸರಿ ರೂಪ ಎರಡನ್ನೂ ಅಕ್ಕಪಕ್ಕ ಇಟ್ಟ ಚಿತ್ರ, ಫಾಂಟಿನ ಹೆಸರು ಮತ್ತು ಆವೃತ್ತಿ, ‘ಅಬೌಟ್’ ಕಿಟಕಿಯಿಂದ ನಕಲಿಸಿದ ವಿವರ. ಮಾಡಿದ್ದೇನು, ಬರಬೇಕಾದ್ದೇನು, ಬಂದದ್ದೇನು ಎಂದು ಮೂರು ಸಾಲಿನ ಸರಳ ಇಂಗ್ಲಿಷ್ ಸಾಕಾಗುತ್ತದೆ. ಅದೇ ದೂರು ಮೊದಲೇ ಇದ್ದರೆ ಹೊಸದು ಬೇಡ, ಅದರಡಿಯಲ್ಲೇ ನಿಮ್ಮ ಆವೃತ್ತಿಯನ್ನು ಸೇರಿಸಿ.

ಹೆಚ್ಚಿನವರು ಕೈಬಿಡುವುದು ಆಮೇಲೆ. ದೂರು ನೋಡುವವರು ಪ್ರಶ್ನೆ ಕೇಳಿ, ನಾವು ತಿಂಗಳುಗಟ್ಟಲೆ ಸುಮ್ಮನಿದ್ದರೆ ದೂರನ್ನು ಮುಚ್ಚಿಬಿಡುತ್ತಾರೆ. ಸರಿಪಡಿಸಿದ್ದೇವೆ ಎಂದರೆ ಡೈಲಿ ಬಿಲ್ಡ್ (ಪರೀಕ್ಷೆಗೆಂದು ದಿನವೂ ತಯಾರಾಗುವ ಆವೃತ್ತಿ) ಹಾಕಿಕೊಂಡು ಅದೇ ಫೈಲನ್ನು ತೆರೆದು ನೋಡಬೇಕು. ಅದು ನಿತ್ಯ ಬಳಸುವ ಆವೃತ್ತಿಯ ಪಕ್ಕದಲ್ಲೇ ಬೇರೆಯಾಗಿ ಕೂರುತ್ತದೆ. ಡೌನ್‌ಲೋಡ್ ದೊಡ್ಡದು, ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರುವ ರಾತ್ರಿ ನೋಡಿ ಹಚ್ಚಿಡುವುದು ಒಳ್ಳೆಯದು.