ಪಿತ್ತಕೋಶದ ಆಪರೇಷನ್ ಆದ ಮೇಲೆ ನಾನು ಉಂಡಿದ್ದು

ನಾನು ದಾವಣಗೆರೆಯವಳು. ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಯಲೇಬೇಕು ಅಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಬೆಣ್ಣೆ ದೋಸೆ ಇನ್ನು ತಿನ್ನಂಗಿಲ್ವಾ ಡಾಕ್ಟ್ರೇ?" ಅಂತ. "ತಿನ್ನಬಹುದಮ್ಮ, ಈಗಲೇ ಬೇಡ. ಒಂದೇ ಸಲಕ್ಕೆ ಜಾಸ್ತಿ ಜಿಡ್ಡು ಬೇಡ," ಅಂದರು. ಆ 'ಒಂದೇ ಸಲಕ್ಕೆ' ಅನ್ನೋ ಮಾತು ನನಗೆ ಅರ್ಥವಾಗಿದ್ದು ಹನ್ನೊಂದನೇ ದಿನ.

ಪಿತ್ತಕೋಶ ಹೋದರೆ ಜಿಡ್ಡು ಅರಗಿಸೋಕೆ ಬೇಕಾದ ಪಿತ್ತರಸವೇ ಇರೋದಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ರಸ ತಯಾರಾಗೋದು ಲಿವರ್‌ನಲ್ಲಿ. ಪಿತ್ತಕೋಶ ಅದನ್ನು ಕೂಡಿಟ್ಟು, ಗಟ್ಟಿ ಮಾಡಿ, ಜಿಡ್ಡಿನ ಊಟ ಬಂದಾಗ ಹಿಂಡಿ ಬಿಡುವ ಚೀಲ ಅಷ್ಟೇ. ಚೀಲ ತೆಗೆದ ಮೇಲೆ ರಸ ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಊಟವನ್ನೂ ಸ್ವಲ್ಪ ಸ್ವಲ್ಪವೇ ಕೊಡಬೇಕು. ನಾನು ದಿನಕ್ಕೆ ಆರು ಸಲ ಉಂಡೆ, ಪ್ರತಿ ಸಲವೂ ಸಣ್ಣ ಬಟ್ಟಲಿನಷ್ಟು.

ಮೊದಲೆರಡು ದಿನ ಗಂಜಿ, ತಿಳಿಸಾರು, ಮೆತ್ತಗಿನ ಇಡ್ಲಿ. ಬಲ ಭುಜ ನೋಯುತ್ತಿತ್ತು. ಇಡ್ಲಿಯಿಂದ ಗ್ಯಾಸ್ ಆಯ್ತೇನೋ ಅಂದುಕೊಂಡೆ. ಅದು ಲ್ಯಾಪ್ರೋಸ್ಕೋಪಿಗಾಗಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್‌ಗಾಗಿ, ಹೊಟ್ಟೆಗೆ ತುಂಬಿದ ಗ್ಯಾಸಿನ ನೋವಂತೆ. ವಾರ್ಡಿನಲ್ಲೇ ಮೆಲ್ಲಗೆ ಓಡಾಡಿದೆ, ಎರಡು ಮೂರು ದಿನಕ್ಕೆ ಹೋಯಿತು.

ಮನೆಗೆ ಬಂದಾಗ ಅತ್ತೆ ತುಪ್ಪದ ಗಿಂಡಿ ಹಿಡಿದೇ ನಿಂತಿದ್ದರು. "ಒಂಚೂರು ಹಾಕ್ಕೋವ್ವಾ, ಗಾಯ ಲಗೂನೆ ಮಾಯ್ತದೆ." ಪ್ರೀತಿಯಿಂದ ಹೇಳಿದ್ದು, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. "ಅತ್ತೆ, ಗಾಯ ಮಾಯೋಕೆ ಬೇಳೆ ಬೇಕಂತೆ, ಹೆಸರುಬೇಳೆ ಬೇಯಿಸಿ ಕೊಡ್ರಿ," ಅಂದೆ. ಅವತ್ತಿನಿಂದ ಹೆಸರುಬೇಳೆಗೆ ಹೀರೇಕಾಯಿಯೋ ಸೋರೇಕಾಯಿಯೋ ಹಾಕಿ ನುಣ್ಣಗೆ ಬೇಯಿಸಿ ಕೊಟ್ಟರು. ನನ್ನ ಪಾಲಿನ ಒಗ್ಗರಣೆಗೆ ಅರ್ಧ ಟೀ ಚಮಚ ಎಣ್ಣೆ. ಟೀಗೆ ನಂದಿನಿ ನೀಲಿ ಪ್ಯಾಕೆಟ್ ಹಾಲು, ಅದರಲ್ಲಿ ಕೊಬ್ಬು ಶೇಕಡಾ 3. ಕಾಯಿಸಿ, ಕೆನೆ ತೆಗೆದು ಹಾಕುತ್ತಿದ್ದೆವು. ಆದರೂ ಖಾಲಿ ಹೊಟ್ಟೆಗೆ ಟೀ ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತಿತ್ತು. ಇಡ್ಲಿ ತಿಂದ ಮೇಲೆ ಕುಡಿದರೆ ಏನೂ ಆಗುತ್ತಿರಲಿಲ್ಲ.

ಎಂಟನೇ ದಿನ ಅರ್ಧ ಜೋಳದ ರೊಟ್ಟಿ ಶುರು ಮಾಡಿದೆ. ಎಣ್ಣೆ ಇಲ್ಲದ ರೊಟ್ಟಿ, ನಮ್ಮ ಪುಣ್ಯ. ಹನ್ನೊಂದನೇ ದಿನ ಬಾಯಿ ಸಪ್ಪೆಯಾಗಿದೆ ಅಂತ ಮೊಸರಿಗೆ ಮೂರು ಚಮಚ ಶೇಂಗಾ ಚಟ್ನಿಪುಡಿ ಕಲಸಿಕೊಂಡೆ. ಒಣ ಪುಡಿ, ಕರಿದಿದ್ದಲ್ಲ, ಅದರಲ್ಲೇನು ಜಿಡ್ಡು ಅಂದುಕೊಂಡೆ. ಅರ್ಧ ಗಂಟೆಗೇ ಹೊಟ್ಟೆ ಮುರಿಯಿತು. ಸಂಜೆಯೊಳಗೆ ನಾಲ್ಕು ಸಲ ಭೇದಿ. ಶೇಂಗಾದಲ್ಲಿ ಹೆಚ್ಚು ಕಡಿಮೆ ಅರ್ಧ ತೂಕ ಎಣ್ಣೆಯೇ ಅಲ್ವಾ! ಕಾಯಿಚಟ್ನಿ, ಗುರೆಳ್ಳು ಪುಡಿಯದ್ದೂ ಅದೇ ಕಥೆ. ಬೋಂಡಾ, ಮಿರ್ಚಿ ಬಿಡಬೇಕು ಅಂತ ಎಲ್ಲರಿಗೂ ಗೊತ್ತು. ಕಾಣದ ಜಿಡ್ಡಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಾರನೇ ದಿನ ಮತ್ತೆ ಗಂಜಿ, ಮಜ್ಜಿಗೆ, ಬಾಳೆಹಣ್ಣು. ನನಗೆ ಅಷ್ಟಕ್ಕೇ ನಿಂತಿತು. ಜ್ವರ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಏರುತ್ತಾ ಹೋದರೆ ಅದು ಊಟದ ವಿಷಯವಲ್ಲ, ಕಾಯದೆ ಆಪರೇಷನ್ ಮಾಡಿದವರ ಹತ್ತಿರ ಹೋಗಿ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎರಡು ದಿನಕ್ಕೆ ಒಂದೇ ಹೊಸ ಪದಾರ್ಥ, ಅದೂ ಮಧ್ಯಾಹ್ನದ ಊಟಕ್ಕೆ. ನಾಲ್ಕನೇ ವಾರ ಪಲ್ಯಕ್ಕೆ ಒಂದು ಚಮಚ ಕಾಯಿತುರಿ ಒಗ್ಗಿತು. ಕಡಲೆಬೇಳೆ ಒಗ್ಗಲಿಲ್ಲ, ಇನ್ನೊಂದು ತಿಂಗಳು ಬಿಟ್ಟೆ. ಎರಡೂವರೆ ತಿಂಗಳಿಗೆ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ, ಮೇಲಿನ ಬೆಣ್ಣೆ ಪಕ್ಕಕ್ಕೆ ಸರಿಸಿ, ಅರ್ಧ ದೋಸೆ ತಿಂದೆ. ಉಳಿದರ್ಧ ನಮ್ಮೆಜಮಾನ್ರ ತಟ್ಟೆಗೆ ಹೋಯಿತು. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಚಟ್ನಿಪುಡಿಯನ್ನೂ ಬಿಟ್ಟಿಲ್ಲ. ಈಗ ರೊಟ್ಟಿಗೆ ಒಂದು ಚಮಚ ಹಾಕಿಕೊಳ್ಳುತ್ತೇನೆ.